ತಾನಾಗಿ ಬರುವ ಅಪ್‌ಡೇಟ್, ನಿಂತುಹೋಗುವ ಗಣಕಯಂತ್ರ: ತೇನಿ, ದಿಂಡಿಗಲ್ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ತೇನಿ, ಕಂಬಂ ಕಣಿವೆ ಹಾಗೂ ದಿಂಡಿಗಲ್ ಭಾಗದ ಕನ್ನಡ ಕುಟುಂಬಗಳಲ್ಲಿ ಗಣಕಯಂತ್ರದ ಹಂಗಿಲ್ಲದೆ ನಡೆಯುವ ವ್ಯವಹಾರ ಇಂದು ವಿರಳವಾಗಿದೆ. ಬೋಡಿನಾಯಕನೂರಿನಲ್ಲಿ ಏಲಕ್ಕಿಯ ಹರಾಜು ಬಾಯಿಮಾತಿನ ಕೂಗನ್ನು ಬಿಟ್ಟು ಇ-ಹರಾಜಾಗಿ 2007ರಿಂದ ನಡೆಯುತ್ತಿದೆ. ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳಿಗಾಗಿ ಇ-ಸೇವೈ ಕೇಂದ್ರದ ಮುಂದೆ ಸಾಲು ನಿಲ್ಲಬೇಕು. ಹೊಲದ ಪಟ್ಟಾ ನೋಡುವುದಕ್ಕೂ, ಮಕ್ಕಳ ಕಾಲೇಜು ಅರ್ಜಿ ತುಂಬುವುದಕ್ಕೂ, ಚಿನ್ನಾಳಪಟ್ಟಿಯ ಸೀರೆ ವ್ಯಾಪಾರಿ ಜಿಎಸ್‌ಟಿ ಲೆಕ್ಕ ಸಲ್ಲಿಸುವುದಕ್ಕೂ ಅದೇ ಪರದೆಯೇ ಬಾಗಿಲು.

ಆ ಬಾಗಿಲು ಕೆಲವು ದಿನ ಏಕಾಏಕಿ ಮುಚ್ಚಿಕೊಳ್ಳುತ್ತದೆ. ಮೌಸ್‌ನ ಬಾಣ ಅಲುಗುವುದಿಲ್ಲ. ಒತ್ತಿದ ಅಕ್ಷರ ಅರ್ಧ ನಿಮಿಷದ ಮೇಲೆ ಮೂಡುತ್ತದೆ. ಇಲ್ಲವೇ ನೀಲಿ ಪರದೆಯ ಮೇಲೆ ಶೇಕಡಾವಾರು ಅಂಕಿಯೊಂದು ತಾಸುಗಟ್ಟಲೆ ಕದಲದೆ ನಿಂತಿರುತ್ತದೆ. ವಿಚಾರಿಸಿದರೆ ‘ಅಪ್‌ಡೇಟ್ ಆಗುತ್ತಿದೆ’ ಎಂಬ ಉತ್ತರ ಬರುತ್ತದೆ. ಆಗ ನಮ್ಮವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಒಂದೋ ತಾಳ್ಮೆಗೆಟ್ಟು ಪ್ಲಗ್ಗನ್ನೇ ಕೀಳುತ್ತಾರೆ, ಇಲ್ಲವೇ ಬಲ್ಲ ಹುಡುಗನೊಬ್ಬನನ್ನು ಕರೆಸಿ ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸಿಬಿಡುತ್ತಾರೆ. ಇವೆರಡೂ ರೋಗಕ್ಕಿಂತ ಕೆಟ್ಟ ಮದ್ದುಗಳು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ: ಅಪ್‌ಡೇಟನ್ನು ನಿಲ್ಲಿಸಬೇಡಿ, ಅದು ಬರುವ ಹೊತ್ತನ್ನು ನೀವೇ ಗೊತ್ತುಮಾಡಿ, ಅದಕ್ಕೂ ಮೊದಲು ನಿಮ್ಮ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳಿ.

ಈ ಮಾತು ಎಲ್ಲರಿಗೂ ಅನ್ವಯಿಸುವುದಾದರೂ ನಮ್ಮ ಮಟ್ಟಿಗೆ ಇದರ ತೂಕ ಹೆಚ್ಚು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಈ ಸೀಮೆಯ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ಬೇಸಾಯಗಾರರೆಂದೇ ದಾಖಲಿಸಿದ್ದಾನೆ. ಇಂದಿಗೂ ಅನೇಕ ಮನೆಗಳಲ್ಲಿ ಮಾತು ಕನ್ನಡ, ಓದು ಬರಹ ತಮಿಳು. ಅಂದರೆ ನಮ್ಮ ನುಡಿ ಇರುವುದು ಬಾಯಲ್ಲಿ, ಪುಸ್ತಕದಲ್ಲಿ ಅಲ್ಲ. ಅಜ್ಜಿಯರ ಸೋಬಾನೆ, ಕುಲದ ಕಥೆ, ಮದುವೆಯ ಶಾಸ್ತ್ರದ ಮಾತು, ಬಳಿ ಬೆಡಗುಗಳ ಪಟ್ಟಿ ಇವುಗಳನ್ನು ಯಾರಾದರೂ ಧ್ವನಿಮುದ್ರಿಸಿ ಗಣಕಯಂತ್ರದಲ್ಲಿ ಇಟ್ಟಿದ್ದರೆ, ಬಹುಪಾಲು ಅದೇ ಅದರ ಏಕೈಕ ಪ್ರತಿ. ಜಿಎಸ್‌ಟಿ ಲೆಕ್ಕ ಕಳೆದುಹೋದರೆ ಮತ್ತೆ ಬರೆಯಬಹುದು. ತೀರಿಕೊಂಡ ಅಜ್ಜಿಯ ದನಿ ಕಳೆದುಹೋದರೆ ತರುವುದು ಎಲ್ಲಿಂದ?

ಅಪ್‌ಡೇಟ್ ಎಂದರೇನು?

ದಿಂಡಿಗಲ್ಲಿನ ಬೀಗ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ವಸ್ತು; ಬೀಗದ ವಿಚಾರ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಎಂಥ ಗಟ್ಟಿ ಬೀಗವೇ ಆಗಲಿ, ಅದರ ಕೀಲಿಕೈಯ ಗುಟ್ಟು ಕಳ್ಳನಿಗೆ ಗೊತ್ತಾದ ದಿನವೇ ಅದು ಬದಲಾಗಬೇಕು. ತಂತ್ರಾಂಶದ ಗತಿಯೂ ಅದೇ. ಕೋಟಿಗಟ್ಟಲೆ ಸಾಲುಗಳಲ್ಲಿ ಬರೆದ ತಂತ್ರಾಂಶದಲ್ಲಿ ಎಲ್ಲೋ ಒಂದು ಸಂದು ಉಳಿದಿರುತ್ತದೆ. ಅದು ಪತ್ತೆಯಾದ ಕೂಡಲೇ ತಯಾರಕರು ಆ ಸಂದಿಗೆ ತೇಪೆ ಸಿದ್ಧಪಡಿಸಿ ಅಂತರ್ಜಾಲದ ಮೂಲಕ ಕಳುಹಿಸುತ್ತಾರೆ. ಅದೇ ಅಪ್‌ಡೇಟ್. ಕೆಲವು ಅಪ್‌ಡೇಟುಗಳು ಹೊಸ ಸೌಲಭ್ಯಗಳನ್ನೂ ತರುತ್ತವೆ. ಆದರೆ ತಿಂಗಳು ತಿಂಗಳೂ ಬರುವವುಗಳ ಮುಖ್ಯ ಕೆಲಸ ಬೀಗ ಬದಲಿಸುವುದೇ.

ಮೈಕ್ರೋಸಾಫ್ಟ್ ಸಂಸ್ಥೆ 2003ರ ಅಕ್ಟೋಬರ್‌ನಿಂದ ಈ ತೇಪೆಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹೊರಡುವ ಈ ಸರಕು ನಮ್ಮಲ್ಲಿಗೆ ಮುಟ್ಟುವ ಹೊತ್ತಿಗೆ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಆಗ ಅಂಗಡಿ ಮುಚ್ಚಿರುತ್ತದೆ, ಯಂತ್ರ ಆರಿರುತ್ತದೆ. ಮರುದಿನ ಬುಧವಾರ ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೇ ಅದು ಸರಕನ್ನು ಇಳಿಸಿಕೊಳ್ಳತೊಡಗುವುದುಂಟು. ತಿಂಗಳ ಒಂದು ಬುಧವಾರ ಅಥವಾ ಗುರುವಾರ ಬೆಳಿಗ್ಗೆಯೇ ಯಂತ್ರ ಮಂಕಾಗುವುದು ಏಕೆಂದು ತಿಳಿಯದೆ ಬೇಸರಪಡುವವರು ಮೊದಲು ಗೋಡೆಯ ಕ್ಯಾಲೆಂಡರ್ ನೋಡುವುದು ಒಳ್ಳೆಯದು.

ಯಂತ್ರ ಏಕೆ ನಿಲ್ಲುತ್ತದೆ?

1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ತೆರೆದಂದಿನಿಂದ ಕಂಬಂ ಕಣಿವೆಯ ಬದುಕು ನಿಂತಿರುವುದು ಸರದಿಯ ನೀರಿನ ಮೇಲೆ. ಕಾಲುವೆ ಒಂದೇ, ಗದ್ದೆ ನೂರಾರು. ಸರದಿ ತಪ್ಪಿ ಎಲ್ಲರೂ ಒಮ್ಮೆಲೇ ತೂಬು ತೆರೆದರೆ ಯಾರ ಗದ್ದೆಗೂ ನೀರು ಏರುವುದಿಲ್ಲ. ಗಣಕಯಂತ್ರದೊಳಗೆ ಆ ಕಾಲುವೆಯ ಸ್ಥಾನದಲ್ಲಿರುವುದು ಡಿಸ್ಕ್, ನೀರುಗಂಟಿಯ ಸ್ಥಾನದಲ್ಲಿರುವುದು ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆ.

ಅಪ್‌ಡೇಟ್ ಬಂದಾಗ ನಡೆಯುವ ಕೆಲಸಗಳನ್ನು ಎಣಿಸಿ ನೋಡೋಣ. ಕಟ್ಟು ಇಳಿಯಬೇಕು. ಅದು ನಿಜವಾಗಿ ತಯಾರಕರಿಂದಲೇ ಬಂದದ್ದೇ ಎಂದು ಅದರ ಡಿಜಿಟಲ್ ಸಹಿಯನ್ನು ಪರೀಕ್ಷಿಸಬೇಕು. ಹಿಂಡಿ ಕಟ್ಟಿದ್ದನ್ನು ಬಿಚ್ಚಬೇಕು. ಸಾವಿರಾರು ಸಣ್ಣ ಕಡತಗಳನ್ನು ಹಳೆಯವುಗಳೊಡನೆ ಹೋಲಿಸಿ, ಹಳೆಯದನ್ನು ಜೋಪಾನವಾಗಿಟ್ಟು, ಹೊಸದನ್ನು ಬರೆಯಬೇಕು. ಬರೆದ ಪ್ರತಿಯೊಂದನ್ನೂ ವೈರಸ್ ನಿರೋಧಕ ತಂತ್ರಾಂಶ ಮತ್ತೊಮ್ಮೆ ತೆರೆದು ನೋಡುತ್ತದೆ. ಬಳಕೆಯಲ್ಲಿರುವ ಕಡತವನ್ನು ಬದಲಿಸಲಾಗದ ಕಾರಣ ಕೊನೆಗೆ ಯಂತ್ರ ಒಮ್ಮೆ ಆರಿ ಹೊತ್ತಿಕೊಳ್ಳಬೇಕು. ಇಷ್ಟೂ ಹೊರೆ ಬೀಳುವುದು ಒಂದೇ ಡಿಸ್ಕಿನ ಮೇಲೆ.

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಸೂಜಿಯಂಥ ತೋಳೊಂದು ಆಚೀಚೆ ಓಡಾಡಿ ಓದುತ್ತದೆ, ಬರೆಯುತ್ತದೆ. ಚದುರಿದ ಕಡತಗಳಾದರೆ ಸೆಕೆಂಡಿಗೆ ನೂರರ ಆಸುಪಾಸು ಬಾರಿ ಮಾತ್ರ ಅದು ಜಾಗ ಬದಲಿಸಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಸೆಕೆಂಡಿನಲ್ಲಿ ಸಾವಿರಾರು ಬಾರಿ ಓದಿ ಬರೆಯಬಲ್ಲದು. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯವನ್ನು ಇಂದಿಗೂ ಬಳಸುತ್ತಿರುವ ಮನೆಗಳುಂಟು. ತಿರುಗುವ ಡಿಸ್ಕೂ ಕಡಿಮೆ ಮೆಮೊರಿಯೂ ಇರುವ ಅಂಥ ಯಂತ್ರಕ್ಕೆ ಇಂದಿನ ಅಪ್‌ಡೇಟ್ ಎಂದರೆ ಸಣ್ಣ ಕಾಲುವೆಗೆ ಹೊಳೆಯನ್ನೇ ತಿರುಗಿಸಿದಂತೆ. ಮೆಮೊರಿ ಸಾಲದಾದಾಗ ಅದು ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಇರುವ ಇಕ್ಕಟ್ಟು ಇಮ್ಮಡಿಯಾಗುತ್ತದೆ. ಡಿಸ್ಕ್ ತುಂಬಿ ತುಳುಕುತ್ತಿದ್ದರಂತೂ ಅಪ್‌ಡೇಟ್ ನಡುವೆಯೇ ಕೆಡುತ್ತದೆ, ಮರುದಿನ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ನಿಂತಿದೆಯೋ, ದುಡಿಯುತ್ತಿದೆಯೋ?

ಆದ್ದರಿಂದ ಮೊದಲು ತಿಳಿಯಬೇಕಾದದ್ದು, ಯಂತ್ರ ನಿಜವಾಗಿ ನಿಂತಿದೆಯೋ ಅಥವಾ ಒಳಗೆ ದುಡಿಯುತ್ತಿದೆಯೋ ಎಂಬುದು. ಕೀಲಿಮಣೆಯ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತಿ. ಅದರ ದೀಪ ಹೊತ್ತಿ ಆರುತ್ತಿದ್ದರೆ, ತುಸು ತಡವಾಗಿಯಾದರೂ ಸರಿ, ಯಂತ್ರಕ್ಕೆ ಜೀವವಿದೆ. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿದ್ದರೂ ಅರ್ಥ ಅದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಡಿಸ್ಕಿನ ಕಂಬಸಾಲು ಶೇಕಡಾ 100 ತೋರಿಸುತ್ತಿದ್ದು, ಮೇಲ್ಸಾಲಿನಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್ ಎಂಬ ಹೆಸರು ಕಂಡರೆ, ಅಪ್‌ಡೇಟ್ ಕೆಲಸದಲ್ಲಿದೆ ಎಂದು ತಿಳಿಯಬಹುದು. ಅದನ್ನು ಅಲ್ಲಿಂದ ಬಲವಂತವಾಗಿ ನಿಲ್ಲಿಸಬಾರದು. ಉಳಿದ ಕಿಟಕಿಗಳನ್ನು ಮುಚ್ಚಿ, ಯಂತ್ರವನ್ನು ಅದರ ಪಾಡಿಗೆ ಬಿಡುವುದೇ ಆಗ ಬುದ್ಧಿವಂತಿಕೆ. ಹಳೆಯ ಡಿಸ್ಕಾದರೆ ಒಂದೆರಡು ತಾಸು ಹಿಡಿದೀತು.

ಯಂತ್ರ ಆರಿಸಬೇಡಿ ಎಂಬ ಸೂಚನೆ ಪರದೆಯ ಮೇಲಿರುವಾಗ ವಿದ್ಯುತ್ ಕಡಿಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಅರ್ಧ ಬರೆದ ಕಡತದೊಂದಿಗೆ ಯಂತ್ರ ಮರಳಿ ಏಳಲಾರದೆ ಹೋಗಬಹುದು. ವಿದ್ಯುತ್ ಮಂಡಳಿ ತನ್ನ ಉಪಕೇಂದ್ರಗಳಲ್ಲಿ ಮಾಸಿಕ ನಿರ್ವಹಣೆಗಾಗಿ ಹಗಲಿಡೀ ಪೂರೈಕೆ ನಿಲ್ಲಿಸುವ ದಿನಗಳನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ಅಂಥ ದಿನ ಬೆಳಿಗ್ಗೆ ಅಪ್‌ಡೇಟ್ ಆರಂಭಿಸಬಾರದು. ಯುಪಿಎಸ್ ಇಲ್ಲದ ಮೇಜಿನ ಯಂತ್ರಗಳಿಗೆ ಈ ಎಚ್ಚರಿಕೆ ಮುಖ್ಯ; ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಬೇಕು.

ದೀಪವೂ ಮಿನುಗದೆ, ಕ್ಯಾಪ್ಸ್ ಲಾಕಿಗೂ ಓಗೊಡದೆ ಬಹಳ ಹೊತ್ತು ಕಳೆದರೆ ಮಾತ್ರ ಯಂತ್ರ ನಿಜವಾಗಿ ಸ್ತಬ್ಧವಾಗಿದೆ ಎನ್ನಬಹುದು. ಆಗಲೂ ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಎಂಬ ನಾಲ್ಕು ಗುಂಡಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಇದು ಪರದೆಯನ್ನು ನಡೆಸುವ ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಮರುಚಾಲನೆ ಮಾಡುತ್ತದೆ. ತೆರೆದ ಕಡತಗಳಿಗೆ ಧಕ್ಕೆಯಾಗುವುದಿಲ್ಲ. ಅದಕ್ಕೂ ಜಗ್ಗದಿದ್ದರೆ ಮಾತ್ರ ವಿದ್ಯುತ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯುವುದು ಕೊನೆಯ ಉಪಾಯ.

ಅಪ್‌ಡೇಟಿನದೇ ತಪ್ಪಾದಾಗ

ಎಲ್ಲ ಸಲವೂ ತಪ್ಪು ನಮ್ಮ ಹಳೆಯ ಯಂತ್ರದ್ದಲ್ಲ. ಕೆಲವೊಮ್ಮೆ ಅಪ್‌ಡೇಟಿನಲ್ಲೇ ಹುಳುಕಿರುತ್ತದೆ. 2016ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 10ರ ವಾರ್ಷಿಕೋತ್ಸವ ಅಪ್‌ಡೇಟಿನ ನಂತರ, ವಿಂಡೋಸ್ ಎಸ್‌ಎಸ್‌ಡಿಯಲ್ಲೂ ಇತರ ಕಡತಗಳು ಬೇರೆ ಡಿಸ್ಕಿನಲ್ಲೂ ಇದ್ದ ಕೆಲವು ಯಂತ್ರಗಳು ಸ್ತಬ್ಧವಾಗುತ್ತಿದ್ದುದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. 2018ರ ಏಪ್ರಿಲ್ ಅಪ್‌ಡೇಟಿನ ಬಳಿಕ ಕ್ರೋಮ್ ಬ್ರೌಸರ್ ತೆರೆದಾಗ ಕೆಲವು ಯಂತ್ರಗಳು ನಿಂತುಹೋಗುತ್ತಿದ್ದವು. ಮೇಲೆ ಹೇಳಿದ ನಾಲ್ಕು ಗುಂಡಿಗಳ ಉಪಾಯವನ್ನು ಆಗ ಆ ಸಂಸ್ಥೆಯೇ ಸೂಚಿಸಿತ್ತು. ಮೇ 8ರ ಅಪ್‌ಡೇಟ್ ಅದನ್ನು ಸರಿಪಡಿಸಿತು. 2019ರ ಏಪ್ರಿಲ್ 9ರ ತೇಪೆಗಳು ಕೆಲವು ವೈರಸ್ ನಿರೋಧಕ ತಂತ್ರಾಂಶಗಳೊಡನೆ ಹೊಂದದೆ, ವಿಂಡೋಸ್ 7 ಮತ್ತು 8.1 ಯಂತ್ರಗಳನ್ನು ಆರಂಭದಲ್ಲೇ ನಿಲ್ಲಿಸಿದ್ದುಂಟು.

ಇವೆಲ್ಲಕ್ಕಿಂತ ದೊಡ್ಡದು 2024ರ ಜುಲೈ 19ರ ಶುಕ್ರವಾರದ ಘಟನೆ. ಭಾರತೀಯ ಕಾಲಮಾನ ಬೆಳಿಗ್ಗೆ 9:39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ತಂತ್ರಾಂಶಕ್ಕೆ ಪುಟ್ಟದೊಂದು ಕಡತವನ್ನು ತಾನಾಗಿ ತಲುಪುವಂತೆ ಕಳುಹಿಸಿತು. ಅದರಲ್ಲಿದ್ದ ದೋಷದಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. 78 ನಿಮಿಷಗಳಲ್ಲಿ ಆ ಕಡತವನ್ನು ಹಿಂದಕ್ಕೆ ಪಡೆದರೂ ಬಿದ್ದ ಯಂತ್ರಗಳು ತಾವಾಗಿ ಏಳಲಿಲ್ಲ. ಒಂದೊಂದನ್ನೂ ಸೇಫ್ ಮೋಡ್‌ನಲ್ಲಿ ತೆರೆದು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಬೆಂಗಳೂರಿನದೂ ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸಾಲು ಬೆಳೆಯಿತು. ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಆ ತಂತ್ರಾಂಶ ಇದ್ದದ್ದು ದೊಡ್ಡ ಸಂಸ್ಥೆಗಳಲ್ಲಾದುದರಿಂದ ಮನೆಯ ಯಂತ್ರಗಳಿಗೆ ಏನೂ ಆಗಲಿಲ್ಲ. ಆದರೆ ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ತಲುಪುವ ಅಪ್‌ಡೇಟಿನಲ್ಲಿ ತಪ್ಪಿದ್ದರೆ ಏನಾಗುತ್ತದೆಂಬುದನ್ನು ಅದು ಜಗತ್ತಿಗೇ ತೋರಿಸಿತು.

ಇಂಥ ಸಂದರ್ಭದಲ್ಲಿ ಮನೆಯಲ್ಲಿ ಮಾಡಬಹುದಾದದ್ದು ಹೀಗಿದೆ. ಯಂತ್ರ ಏಳುವುದಾದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿರುವ ಅಪ್‌ಡೇಟ್ ಹಿಸ್ಟರಿಯನ್ನು ತೆರೆದು, ಸ್ತಬ್ಧತೆ ಆರಂಭವಾದ ದಿನ ಬಂದ ಅಪ್‌ಡೇಟನ್ನು ಅಲ್ಲಿಂದಲೇ ತೆಗೆದುಹಾಕಬಹುದು. ಯಂತ್ರ ಏಳದೆ ಎರಡು ಮೂರು ಸಲ ಎಡವಿದರೆ ದುರಸ್ತಿಯ ಪರದೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕೊನೆಯ ಅಪ್‌ಡೇಟನ್ನು ಕಿತ್ತುಹಾಕುವ, ಸಿಸ್ಟಂ ರಿಸ್ಟೋರ್ ಮೂಲಕ ಹಿಂದಿನ ದಿನದ ಸ್ಥಿತಿಗೆ ಮರಳುವ, ಸೇಫ್ ಮೋಡ್‌ನಲ್ಲಿ ತೆರೆಯುವ ದಾರಿಗಳಿವೆ. ಇವುಗಳಲ್ಲಿ ಯಾವುದೂ ನಮ್ಮ ಸ್ವಂತ ಕಡತಗಳನ್ನು ಅಳಿಸುವುದಿಲ್ಲ. ಕಡತಗಳನ್ನು ಅಳಿಸುವ ಆಯ್ಕೆ ಇರುವುದು ರಿಸೆಟ್ ಎಂಬ ಬೇರೆ ಹಾದಿಯಲ್ಲಿ. ಅದನ್ನು ಒತ್ತುವ ಮುನ್ನ ಎರಡು ಬಾರಿ ಓದಬೇಕು.

ಇತ್ತೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ದುರಸ್ತಿಯ ವೇಳೆ ಅದು 48 ಅಂಕಿಗಳ ಬಿಟ್‌ಲಾಕರ್ ಮರುಪ್ರಾಪ್ತಿ ಸಂಖ್ಯೆಯನ್ನು ಕೇಳಬಹುದು. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಮೈಕ್ರೋಸಾಫ್ಟ್ ಖಾತೆಯಿಂದ ಪಡೆದು ಕಾಗದದ ಮೇಲೆ ಬರೆದು, ಪಟ್ಟಾ ಪತ್ರ ಇಡುವ ಪೆಟ್ಟಿಗೆಯಲ್ಲೇ ಇಡುವುದು ಲೇಸು. ಆ ಸಂಖ್ಯೆ ಇಲ್ಲದಿದ್ದರೆ ಯಂತ್ರ ನಮ್ಮದೇ ಆದರೂ ಒಳಗಿನದು ನಮ್ಮದಲ್ಲ.

ಹಾಗಾದರೆ ನಿಲ್ಲಿಸಿಬಿಡಬಹುದಲ್ಲವೇ?

ಇಷ್ಟೆಲ್ಲ ಓದಿದ ಮೇಲೆ, ಅಪ್‌ಡೇಟನ್ನೇ ನಿಲ್ಲಿಸಿದರೆ ನೆಮ್ಮದಿ ಎಂದು ತೋರುವುದು ಸಹಜ. ಅದಕ್ಕೆ ಉತ್ತರ 2017ರಲ್ಲಿದೆ. ಆ ವರ್ಷ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಸಂದಿಗೆ ತೇಪೆ ಬಿಡುಗಡೆ ಮಾಡಿತು. ಸುಮಾರು ಎರಡು ತಿಂಗಳ ಬಳಿಕ, ಮೇ 12ರಂದು, ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಅದೇ ಸಂದಿನಿಂದ ನುಗ್ಗಿತು. ಕಡತಗಳಿಗೆಲ್ಲ ಗೂಢಲಿಪಿಯ ಬೀಗ ಜಡಿದು, ತೆರೆಯಲು ಹಣ ಕೇಳಿತು. 150 ದೇಶಗಳಿಗೆ ಹಬ್ಬಿದ ಆ ಪಿಡುಗು ಬ್ರಿಟನ್ನಿನ ಆಸ್ಪತ್ರೆಗಳನ್ನು ಕಂಗೆಡಿಸಿತು. ಆಂಧ್ರಪ್ರದೇಶದ ಪೊಲೀಸ್ ಗಣಕಯಂತ್ರಗಳನ್ನು ಮುಟ್ಟಿತು. ನಮ್ಮ ನೆರೆಯ ಕೇರಳದ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿಯ ಕಚೇರಿಯನ್ನೂ ಬಿಡಲಿಲ್ಲ. ಮಾರ್ಚ್‌ನ ತೇಪೆ ಹಾಕಿಕೊಂಡ ಯಂತ್ರಗಳಿಗೆ ಆ ಸಂದಿನ ದಾರಿ ಮುಚ್ಚಿತ್ತು. ಹಾಕಿಕೊಳ್ಳದವುಗಳ ಬಾಗಿಲು ತೆರೆದೇ ಇತ್ತು.

ಸಣ್ಣ ಊರು, ಸಣ್ಣ ಅಂಗಡಿ, ನಮ್ಮನ್ನು ಯಾರು ಕೇಳುತ್ತಾರೆ ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ. ಇಂಥ ತಂತ್ರಾಂಶ ಊರಿನ ಹೆಸರು ಕೇಳಿ ಬರುವುದಿಲ್ಲ. ಅಗುಳಿ ಹಾಕದ ಕದವನ್ನು ಹುಡುಕಿಕೊಂಡು ಬರುತ್ತದೆ. ಅಪ್‌ಡೇಟಿನ ಸ್ತಬ್ಧತೆ ಕಸಿದುಕೊಳ್ಳುವುದು ಒಂದು ಪೂರ್ವಾಹ್ನವನ್ನು. ಅಪ್‌ಡೇಟ್ ಇಲ್ಲದಿರುವುದು ಕಸಿದುಕೊಳ್ಳಬಹುದಾದದ್ದು ಹತ್ತು ವರ್ಷಗಳ ಲೆಕ್ಕವನ್ನು, ಮನೆತನದ ಚಿತ್ರಗಳನ್ನು.

ಹೊತ್ತು ಗೊತ್ತುಮಾಡುವ ಬಗೆ

ನೀರುಗಂಟಿಗೆ ಸರದಿ ಹೇಳುವ ಅಧಿಕಾರ ನಮಗಿದೆ. ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್ ವಿಭಾಗಕ್ಕೆ ಹೋದರೆ ಆಕ್ಟಿವ್ ಅವರ್ಸ್ ಎಂಬ ಆಯ್ಕೆ ಸಿಗುತ್ತದೆ. ನಾವು ಕೆಲಸ ಮಾಡುವ ವೇಳೆಯನ್ನು, ಹೆಚ್ಚೆಂದರೆ 18 ತಾಸುಗಳವರೆಗೆ, ಅಲ್ಲಿ ನಮೂದಿಸಬಹುದು. ಆ ವೇಳೆಯಲ್ಲಿ ಯಂತ್ರ ಅಪ್‌ಡೇಟಿಗಾಗಿ ತಾನಾಗಿ ಆರಿ ಹೊತ್ತಿಕೊಳ್ಳುವುದಿಲ್ಲ. ಅದೇ ಪುಟದಲ್ಲಿ ಪಾಸ್ ಅಪ್‌ಡೇಟ್ಸ್ ಎಂಬ ಇನ್ನೊಂದು ಆಯ್ಕೆಯಿದೆ. ಅಪ್‌ಡೇಟನ್ನು 35 ದಿನಗಳವರೆಗೆ ಮುಂದೂಡಬಹುದು. 2019ರ ಮೇ ತಿಂಗಳ ಅಪ್‌ಡೇಟಿನಿಂದ ಈ ಸೌಲಭ್ಯ ಮನೆಬಳಕೆಯ ಹೋಮ್ ಆವೃತ್ತಿಗೂ ದೊರೆತಿದೆ. ಜಿಎಸ್‌ಟಿ ಸಲ್ಲಿಕೆಯ ಕೊನೆಯ ವಾರ, ಕಾಲೇಜು ಪ್ರವೇಶದ ಗಡುವು, ಏಲಕ್ಕಿ ಹರಾಜಿನ ಬಿರುಸಿನ ದಿನಗಳು ಇವು ಮುಂದೂಡಲು ಯೋಗ್ಯವಾದ ಹೊತ್ತುಗಳು. ಆದರೆ ಮುಂದೂಡಿದ್ದು ಮರೆತುಹೋಗಬಾರದು. ಬಿಡುಗಡೆಯಾದ ಒಂದು ವಾರದೊಳಗೆ ದೋಷಗಳು ಸಾಮಾನ್ಯವಾಗಿ ಬೆಳಕಿಗೆ ಬರುತ್ತವೆಯಾದ್ದರಿಂದ ಏಳು ದಿನ ತಡೆದು ಹಾಕಿಕೊಳ್ಳುವುದು ಮನೆಯ ಯಂತ್ರಕ್ಕೆ ಒಳ್ಳೆಯ ಮಧ್ಯಮಾರ್ಗ.

ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಅಂತರ್ಜಾಲ ಪಡೆಯುವವರು ಆ ಸಂಪರ್ಕವನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತಿಸಬೇಕು. ಆಗ ಹೆಚ್ಚಿನ ಅಪ್‌ಡೇಟುಗಳು ನಮ್ಮ ಅಪ್ಪಣೆಯಿಲ್ಲದೆ ಇಳಿಯುವುದಿಲ್ಲ, ದಿನದ ಡೇಟಾ ಬೆಳಿಗ್ಗೆಯೇ ಬರಿದಾಗುವುದಿಲ್ಲ. ಡೆಲಿವರಿ ಆಪ್ಟಿಮೈಸೇಶನ್ ಎಂಬಲ್ಲಿ, ನಮ್ಮ ಯಂತ್ರ ಇಳಿಸಿಕೊಂಡ ಅಪ್‌ಡೇಟನ್ನು ಅಂತರ್ಜಾಲದ ಇತರ ಯಂತ್ರಗಳಿಗೆ ಹಂಚುವ ಆಯ್ಕೆಯನ್ನೂ ಮುಚ್ಚಬಹುದು. ಮೊಬೈಲಿನ ಪ್ಲೇ ಸ್ಟೋರ್‌ನಲ್ಲಿ ವೈ-ಫೈ ಇರುವಾಗ ಮಾತ್ರ ಆ್ಯಪ್‌ಗಳು ಅಪ್‌ಡೇಟ್ ಆಗುವಂತೆ ಮಾಡಿಕೊಂಡರೆ ಅಲ್ಲಿಯ ಕಿರಿಕಿರಿಯೂ ತಗ್ಗುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ವಾರಕ್ಕೊಂದು ಸಂಜೆಯನ್ನು ಯಂತ್ರಕ್ಕೆ ಮೀಸಲಿಡುವುದು. ಅಂದು ಅಂಗಡಿ ಮುಚ್ಚುವ ಹೊತ್ತಿಗೆ ನಾವೇ ಅಪ್‌ಡೇಟ್ ಪುಟ ತೆರೆದು, ಬಂದಿರುವುದನ್ನು ಇಳಿಸಿ, ಮುಗಿದ ಮೇಲೆ ಮರುಚಾಲನೆ ಕೊಡಬೇಕು. ಸಂಜೆ ಬರಬೇಕಾದ ಕೆಲಸ ಬೆಳಿಗ್ಗೆಗೆ ಬಾಕಿ ಉಳಿಯುವುದರಿಂದಲೇ ಅರ್ಧ ತೊಂದರೆ. ಹಳೆಯ ಯಂತ್ರವನ್ನು ಎಸೆಯಲು ಮನಸ್ಸಿಲ್ಲದವರು ಅದರ ತಿರುಗುವ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಯಂತ್ರದ ಬೆಲೆಯ ಅಲ್ಪಭಾಗದಲ್ಲಿ ಸ್ತಬ್ಧತೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಪ್ರತಿಯೊಂದೇ ಭರವಸೆ

2018ರ ಅಕ್ಟೋಬರ್‌ನ ವಿಂಡೋಸ್ ಅಪ್‌ಡೇಟ್ ಕೆಲವು ಬಳಕೆದಾರರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಕೋಶಗಳ ಕಡತಗಳನ್ನೇ ಅಳಿಸಿಹಾಕಿತ್ತು. ದೂರುಗಳು ಬಂದ ಕೂಡಲೇ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ಹಾನಿಗೊಳಗಾದವರು ಕೆಲವರೇ ಆದರೂ ಕಡತ ಕಳೆದುಕೊಂಡವರಿಗೆ ಸಂಖ್ಯೆಯ ಸಮಾಧಾನ ಯಾವ ಪ್ರಯೋಜನಕ್ಕೂ ಬಾರದು. ಆದ್ದರಿಂದ ಮುಖ್ಯವಾದ ಪ್ರತಿಯೊಂದು ಕಡತಕ್ಕೂ ಮೂರು ಪ್ರತಿಗಳಿರಲಿ: ಒಂದು ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕ್ ಅಥವಾ ಪೆನ್ ಡ್ರೈವ್‌ನಲ್ಲಿ, ಮತ್ತೊಂದು ಬೇರೆ ಊರಿನ ನಂಟರ ಮನೆಯಲ್ಲಿ ಅಥವಾ ಅಂತರ್ಜಾಲದ ಸಂಗ್ರಹದಲ್ಲಿ. ಹೊರಗಿನ ಡಿಸ್ಕನ್ನು ಪ್ರತಿ ತೆಗೆದ ಕೂಡಲೇ ಕಳಚಿಡಬೇಕು. ಸಿಕ್ಕಿಸಿಯೇ ಇಟ್ಟರೆ ಸುಲಿಗೆ ತಂತ್ರಾಂಶ ಅದಕ್ಕೂ ಬೀಗ ಜಡಿಯುತ್ತದೆ.

ಹಿರಿಯರ ಧ್ವನಿಮುದ್ರಣಗಳಿರುವ ಮನೆಗಳವರಿಗೆ ನಮ್ಮ ವಿಶೇಷ ವಿನಂತಿ: ಅವುಗಳಿಗೆ ಹಾಡಿದವರ ಹೆಸರು, ಊರು, ದಿನಾಂಕ ಸೇರಿಸಿ, ಇಬ್ಬರು ಮೂವರು ಬಂಧುಗಳಿಗೆ ಪ್ರತಿ ಕೊಡಿ. ಹಂಚಿದಷ್ಟೂ ಉಳಿಯುವ ಆಸ್ತಿ ಅದೊಂದೇ.

ಅಕ್ಷರ ಮತ್ತು ಭಾಷೆ

ಕನ್ನಡದಲ್ಲಿ ಬರೆಯುವವರಿಗೆ ಅಪ್‌ಡೇಟಿನ ನಂತರ ಇನ್ನೊಂದು ತೊಡಕು ಎದುರಾಗಬಹುದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಬಳಕೆಯಲ್ಲಿದ್ದ ತುಂಗಾ ಅಕ್ಷರಶೈಲಿ ವಿಂಡೋಸ್ 10ರಲ್ಲಿ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸೇರಿತು. ಹಳೆಯ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಳೆಯ ಪತ್ರಗಳ ರೂಪ ಬದಲಾಗಿ ಕಂಡರೆ ಗಾಬರಿ ಬೇಡ, ಬರಹ ಕೆಟ್ಟಿಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಪೂರಕ ಅಕ್ಷರಶೈಲಿಗಳನ್ನು ಸೇರಿಸಿದರೆ ತುಂಗಾ ಮರಳಿ ಬರುತ್ತದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬರೆದಿಟ್ಟ ಪತ್ರಗಳನ್ನು ಈಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಅಗತ್ಯ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ.

ಯಂತ್ರ ಕೊಡುವ ಸೂಚನೆಗಳನ್ನು ಓದದೆ ‘ಸರಿ’ ಒತ್ತುವ ಅಭ್ಯಾಸವೂ ಅನೇಕ ಅವಘಡಗಳಿಗೆ ಮೂಲ. ವಿಂಡೋಸ್‌ನ ಪರದೆಯ ಭಾಷೆಯನ್ನು ಕನ್ನಡಕ್ಕೂ ತಮಿಳಿಗೂ ಬದಲಿಸಿಕೊಳ್ಳಬಹುದು. ಮನೆಯಲ್ಲಿ ಯಾವ ಲಿಪಿಯನ್ನು ಹಿರಿಯರೂ ಕಿರಿಯರೂ ಸರಾಗವಾಗಿ ಓದಬಲ್ಲರೋ ಅದನ್ನೇ ಇಟ್ಟುಕೊಳ್ಳಿ. ಲಿಪಿ ತಮಿಳಾದರೆ ಕನ್ನಡತನಕ್ಕೆ ಕುಂದಿಲ್ಲ. ಎಚ್ಚರಿಕೆಯ ಮಾತು ಅರ್ಥವಾಗುವುದು ಮುಖ್ಯ.

ವಿಂಡೋಸ್ 10 ಇರುವವರ ಗಮನಕ್ಕೆ

2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿದೆ. ವಿಸ್ತರಿತ ಭದ್ರತಾ ಯೋಜನೆಗೆ ಹೆಸರು ನೋಂದಾಯಿಸಿದ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ದೊರೆಯುವುದಾಗಿ ಅದು ಪ್ರಕಟಿಸಿದೆ. ನೋಂದಾಯಿಸದ ಯಂತ್ರಗಳಲ್ಲಿ ಅಪ್‌ಡೇಟಿನ ಕಾಟವಿಲ್ಲವೆಂದು ಸಂತೋಷಪಡುವಂತಿಲ್ಲ. ಅಲ್ಲಿ ಬೀಗ ಬದಲಿಸುವವರೇ ಇಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಅದಕ್ಕೆ ಒಗ್ಗದ ಹಳೆಯ ಯಂತ್ರಗಳಲ್ಲಿ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಅದರಲ್ಲಿ ಕನ್ನಡವನ್ನೂ ತಮಿಳನ್ನೂ ಟೈಪ್ ಮಾಡುವ ವ್ಯವಸ್ಥೆಯಿದೆ. ಅಪ್‌ಡೇಟ್ ಯಾವಾಗ ಹಾಕಿಕೊಳ್ಳಬೇಕೆಂಬ ನಿರ್ಧಾರ ಬಹುಮಟ್ಟಿಗೆ ಬಳಸುವವರದೇ.

ಈ ವಾರ ಮಾಡಬೇಕಾದ ಕೆಲಸ ಮೂರೇ. ಮೊದಲು, ಮುಖ್ಯ ಕಡತಗಳ ಪ್ರತಿ ತೆಗೆದು ಡಿಸ್ಕನ್ನು ಕಳಚಿಡಿ. ಬಳಿಕ, ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಕೊನೆಗೆ, ಆಕ್ಟಿವ್ ಅವರ್ಸ್ ನಮೂದಿಸಿ, ಅಪ್‌ಡೇಟಿಗೊಂದು ಸಂಜೆಯನ್ನು ಗೊತ್ತುಮಾಡಿ. ಎಲ್ಲ ಸೇರಿ ಒಂದು ತಾಸಿನ ಕೆಲಸ. ಇದನ್ನು ಬಲ್ಲ ಯುವಕ ಯುವತಿಯರು ಪಕ್ಕದ ಮನೆಯ ಹಿರಿಯರ ಯಂತ್ರಕ್ಕೂ ಇಷ್ಟನ್ನು ಮಾಡಿಕೊಟ್ಟರೆ, ಮುಂದಿನ ತಿಂಗಳ ಆ ಬುಧವಾರ ಬೆಳಿಗ್ಗೆ ಪ್ಲಗ್ ಕೀಳುವ ಪ್ರಸಂಗ ನಮ್ಮ ಕೇರಿಗಳಲ್ಲಿ ಬರಲಾರದು.